ಕುದುರೆಗೆ ಕೊಕ್ಕು ಬಂದದ್ದು ಹೇಗೆ: ಗ್ರೀಕ್ ನಾಣ್ಯಗಳ ಕೆಲ್ಟಿಕ್ ಅನುಕರಣೆಗಳನ್ನು ಗುರುತಿಸುವ ಬಗೆ

ಮ್ಯೂನಿಕ್‌ಗೆ ಕೆಲಸಕ್ಕೆ ಬಂದ ಮೊದಲ ಚಳಿಗಾಲ ಅಲ್ಲಿನ ಒಂದು ನಾಣ್ಯ ಮೇಳಕ್ಕೆ ಹೋಗಿದ್ದೆ. ಮೇಜಿನ ಮೇಲೆ ಎರಡು ಬೆಳ್ಳಿ ನಾಣ್ಯ ಪಕ್ಕಪಕ್ಕ ಇದ್ದವು. ಮೊದಲನೆಯದರಲ್ಲಿ ಗಡ್ಡದ ಜ್ಯೂಸ್ ದೇವರ ಮುಖ, ಹಿಂದೆ ಕುದುರೆ ಸವಾರ, ಎಲ್ಲಾ ಅಚ್ಚುಕಟ್ಟು. ಎರಡನೆಯದರಲ್ಲೂ ಅದೇ ಮುಖ, ಅದೇ ಕುದುರೆ. ಆದರೆ ಮುಖ ಬರೀ ಗೆರೆ ಮತ್ತು ಚುಕ್ಕಿ, ಕುದುರೆಯ ಬಾಯಿ ಹಕ್ಕಿಯ ಕೊಕ್ಕಿನ ಹಾಗೆ ಚೂಪು, ಸವಾರನಿಗೆ ಕಾಲೇ ಇಲ್ಲ. ನನಗೆ ಎರಡನೆಯದೇ ಹಿಡಿಸಿತು. ಅದು ಕೆಲ್ಟರು, ಅಂದರೆ ಪ್ರಾಚೀನ ಯೂರೋಪಿನ ಬುಡಕಟ್ಟು ಜನ, ಮಾಡಿದ್ದು ಅಂತ ಆಮೇಲೆ ಗೊತ್ತಾಯಿತು. ಅಂದಿನಿಂದ ಇವುಗಳ ಹಿಂದೆ ಬಿದ್ದಿದ್ದೇನೆ. ಕನ್ನಡದಲ್ಲಿ ಇದರ ಬಗ್ಗೆ ಓದಲು ನನಗೆ ಹೆಚ್ಚೇನೂ ಸಿಗಲಿಲ್ಲ, ಹಾಗಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ಮಾತುಗಳ ವ್ಯತ್ಯಾಸ ತಿಳಿದಿರಲಿ. ಅನುಕರಣೆ ಅಂದರೆ ಆ ಕಾಲದಲ್ಲೇ, ಕ್ರಿ.ಪೂ. ಕೊನೆಯ ಮೂರು ಶತಮಾನಗಳಲ್ಲಿ, ಗ್ರೀಕ್ ನಾಣ್ಯ ನೋಡಿ ಬೇರೆ ಜನ ತಮ್ಮ ಬಳಕೆಗೆ ಹೊಡೆದ (ಅಚ್ಚುಗಳ ನಡುವೆ ಲೋಹ ಇಟ್ಟು ಸುತ್ತಿಗೆಯಿಂದ ಬಡಿದ) ನಾಣ್ಯ. ಖೋಟಾ ಅಂದರೆ ಈಗಿನವರು ನಿಮ್ಮನ್ನು ಮೋಸ ಮಾಡಲು ತಯಾರಿಸಿದ್ದು. ಅನುಕರಣೆ ಕೂಡ ಅಸಲಿ ಪುರಾತನ ನಾಣ್ಯವೇ. ಕೆಲವು ಮೂಲಕ್ಕಿಂತ ಜಾಸ್ತಿ ಬೆಲೆ ಬಾಳುತ್ತವೆ.

ಇವು ಯಾಕೆ ಹುಟ್ಟಿದವು? ಮ್ಯಾಸಿಡೋನಿಯದ ದೊರೆ ಎರಡನೇ ಫಿಲಿಪ್ (ಆಳಿದ್ದು ಕ್ರಿ.ಪೂ. 359ರಿಂದ 336) ಮತ್ತು ಅವನ ಮಗ ಅಲೆಕ್ಸಾಂಡರ್ ಹೊಡೆಸಿದ ಬೆಳ್ಳಿ, ಚಿನ್ನದ ನಾಣ್ಯ ಲೆಕ್ಕವಿಲ್ಲದಷ್ಟು. ಕೆಲ್ಟರು ಕೂಲಿ ಸೈನಿಕರಾಗಿ ದುಡಿದರು, ಸಂಬಳವಾಗಿ ಅದೇ ನಾಣ್ಯ ಪಡೆದರು. ಕೆಲವೊಮ್ಮೆ ಕೊಳ್ಳೆಯನ್ನೂ ಹೊಡೆದರು. ಕ್ರಿ.ಪೂ. 279ರಲ್ಲಿ ಅವರು ಮ್ಯಾಸಿಡೋನಿಯದ ದೊರೆ ಟಾಲೆಮಿ ಕೆರೌನೋಸ್‌ನನ್ನು ಕೊಂದು ಗ್ರೀಕರ ಪುಣ್ಯಕ್ಷೇತ್ರ ಡೆಲ್ಫಿಯ ಬಾಗಿಲವರೆಗೂ ಬಂದಿದ್ದರು. ಡ್ಯಾನ್ಯೂಬ್ ನದಿಯ ಆಚೆ ಈಚೆ, ಇಂದಿನ ಹಂಗೇರಿ, ಸೆರ್ಬಿಯಾ, ರೊಮೇನಿಯಾ, ಬಲ್ಗೇರಿಯಾಗಳಲ್ಲಿ ಜನರಿಗೆ ದುಡ್ಡು ಅಂದರೆ ಈ ಚಿತ್ರ ಇರುವ ಬೆಳ್ಳಿ ಅನ್ನುವುದು ಮನಸ್ಸಲ್ಲಿ ಕೂತುಬಿಟ್ಟಿತು. ಮೂಲ ಸಿಗದೇ ಹೋದಾಗ ತಾವೇ ಹೊಡೆದುಕೊಂಡರು. ಆಮೇಲೆ ಆ ನಕಲನ್ನು ನೋಡಿ ಇನ್ನೊಬ್ಬ, ಅದನ್ನು ನೋಡಿ ಮತ್ತೊಬ್ಬ.

ಗುರುತಿಸುವ ಕೆಲಸದ ತಿರುಳು ಇಲ್ಲೇ ಇದೆ. ಅಚ್ಚು ಕೊರೆಯುವವನ ಎದುರು ಕುದುರೆ ಇರಲಿಲ್ಲ, ಕುದುರೆಯ ಚಿತ್ರ ಇರುವ ನಾಣ್ಯ ಇತ್ತು. ಅವನಿಗೆ ಏನು ಅರ್ಥವಾಗಿತ್ತು, ಏನು ಅರ್ಥವಾಗಿರಲಿಲ್ಲ, ಅರ್ಥವಾಗದ ಕಡೆ ಅವನು ಏನು ಮಾಡಿದ, ಇಷ್ಟನ್ನು ನೋಡುತ್ತಾ ಹೋದರೆ ನಾಣ್ಯ ತಾನೇ ಮಾತಾಡುತ್ತದೆ.

ನಮ್ಮಲ್ಲಿ ಗಧೈಯಾ ಪೈಸೆ ಸಂಗ್ರಹಿಸುವವರಿಗೆ ಇದು ಬೇಗ ಹಿಡಿಯುತ್ತದೆ. ಪರ್ಷಿಯಾದ ಸಸಾನಿ ದೊರೆ ಪೆರೋಜ್‌ನ ನಾಣ್ಯದ ಮುಖ ಮತ್ತು ಅಗ್ನಿವೇದಿಕೆ ಗುಜರಾತ್, ರಾಜಸ್ಥಾನ, ಮಾಳ್ವದಲ್ಲಿ ಕೆಲವು ಶತಮಾನ ನಕಲಾಗುತ್ತಾ ಹೋಗಿ ಕೊನೆಗೆ ಬರೀ ಗೆರೆ, ಚುಕ್ಕಿ ಆಗಿಬಿಟ್ಟವು. ಕಥೆ ಅದೇ, ನೆಲ ಬೇರೆ.

ಮೊದಲು ಮೂಲವನ್ನು ಬಾಯಿಪಾಠ ಮಾಡಿ

ಇದನ್ನು ತಪ್ಪಿಸಿಕೊಳ್ಳಲು ದಾರಿ ಇಲ್ಲ. ಮೂಲ ಗೊತ್ತಿಲ್ಲದೆ ನಕಲು ಗೊತ್ತಾಗುವುದು ಹೇಗೆ, ಅಲ್ವಾ? ಒಳ್ಳೆಯ ಸುದ್ದಿ ಏನೆಂದರೆ ಬೆಳ್ಳಿಯಲ್ಲಿ ಮುಖ್ಯವಾಗಿ ಮೂರು ನಾಣ್ಯ ಕಲಿತರೆ ನಿಮ್ಮ ಕೈಗೆ ಬರುವ ಬಹುಪಾಲು ಅನುಕರಣೆಗಳಿಗೆ ಸಾಕಾಗುತ್ತದೆ.

ಒಂದು, ಫಿಲಿಪ್‌ನ ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮ್‌ನ ದೊಡ್ಡ ಬೆಳ್ಳಿ ನಾಣ್ಯ. ಮುಂದೆ ಎಲೆಯ ಕಿರೀಟ ತೊಟ್ಟ ಜ್ಯೂಸ್, ಬಲಕ್ಕೆ ಮುಖ. ಹಿಂದೆ ಕುದುರೆ ಮೇಲೆ ಬೆತ್ತಲೆ ಹುಡುಗ, ಕೈಯಲ್ಲಿ ತಾಳೆಗರಿ. ಕ್ರಿ.ಪೂ. 356ರ ಒಲಿಂಪಿಕ್ಸ್‌ನಲ್ಲಿ ಫಿಲಿಪ್‌ನ ಕುದುರೆ ಗೆದ್ದ ನೆನಪಿಗೆ ಇದು. ಸುತ್ತ ಗ್ರೀಕ್ ಲಿಪಿಯಲ್ಲಿ 'ಫಿಲಿಪ್ಪೂ', ಅಂದರೆ ಫಿಲಿಪ್ಪನದು. ತೂಕ ಸುಮಾರು 14.4 ಗ್ರಾಂ. ಇದರಲ್ಲೇ ಇನ್ನೊಂದು ಬಗೆ ಇದೆ. ಅಲ್ಲಿ ಟೋಪಿ ತೊಟ್ಟ ರಾಜನೇ ಕೈ ಎತ್ತಿಕೊಂಡು ಎಡಕ್ಕೆ ಸವಾರಿ ಹೋಗುತ್ತಾನೆ.

ಎರಡು, ಅಲೆಕ್ಸಾಂಡರ್‌ನ ಟೆಟ್ರಾಡ್ರಾಕ್ಮ್. ಮುಂದೆ ಸಿಂಹದ ತಲೆಯ ಚರ್ಮವನ್ನೇ ತಲೆಗೆ ಹೊದ್ದ ಗ್ರೀಕ್ ಪುರಾಣದ ವೀರ ಹೆರಾಕ್ಲೀಸ್. ಹಿಂದೆ ಪೀಠದ ಮೇಲೆ ಕೂತ ಜ್ಯೂಸ್, ಒಂದು ಕೈಯಲ್ಲಿ ಹದ್ದು, ಇನ್ನೊಂದರಲ್ಲಿ ರಾಜದಂಡ. ತೂಕ ಸುಮಾರು 17.2 ಗ್ರಾಂ. ಇದೇ ಚಿತ್ರದ ಚಿಕ್ಕ ಡ್ರಾಕ್ಮ್ 4.3 ಗ್ರಾಂ ಇರುತ್ತದೆ. ಅದರ ಅನುಕರಣೆಗಳೂ ಬೇಕಾದಷ್ಟು ಸಿಗುತ್ತವೆ, ಬೆಲೆಯೂ ಕಡಿಮೆ. ಕಲಿಯಲು ಅದೇ ಒಳ್ಳೆಯದು.

ಮೂರು, ಥಾಸೋಸ್ ದ್ವೀಪದ ಟೆಟ್ರಾಡ್ರಾಕ್ಮ್, ಕ್ರಿ.ಪೂ. ಎರಡನೇ ಶತಮಾನದ್ದು. ಅಗಲ ಜಾಸ್ತಿ, ಮೂರು ಸೆಂಟಿಮೀಟರ್ ದಾಟುತ್ತದೆ. ಮುಂದೆ ಐವಿ ಬಳ್ಳಿಯ ಕಿರೀಟದ ಮದ್ಯದ ದೇವರು ಡಯೊನೈಸಸ್. ಹಿಂದೆ ಗದೆ ಊರಿ ನಿಂತ ಹೆರಾಕ್ಲೀಸ್. ಅವನ ಎರಡು ಬದಿ ಮತ್ತು ಕಾಲ ಕೆಳಗೆ ಮೂರು ಪದ.

ಈ ಮೂರರ ಒಳ್ಳೆಯ ಫೋಟೋ ಹುಡುಕಿ ಪೆನ್ಸಿಲ್ ಹಿಡಿದು ಬಿಡಿಸಿ ನೋಡಿ. ಚಿತ್ರ ಚೆನ್ನಾಗಿ ಬರಬೇಕಾಗಿಲ್ಲ. ಸವಾರನ ಕಾಲು ಕುದುರೆಯ ಹೊಟ್ಟೆಯ ಮೇಲೆ ಎಲ್ಲಿ ಬರುತ್ತದೆ, ತಾಳೆಗರಿ ಎಲ್ಲಿ ಮುಗಿದು ಅಕ್ಷರ ಎಲ್ಲಿ ಶುರುವಾಗುತ್ತದೆ ಅಂತ ಬಿಡಿಸುವಾಗ ನಿಮಗೂ ಗೊಂದಲ ಆಗುತ್ತದೆ. ಎರಡು ಸಾವಿರ ವರ್ಷದ ಹಿಂದೆ ಅಚ್ಚು ಕೊರೆದವನಿಗೂ ಗೊಂದಲವಾದದ್ದು ಬಹುಮಟ್ಟಿಗೆ ಇದೇ ಜಾಗಗಳಲ್ಲಿ. ನಾನು ಕಲಿತದ್ದರಲ್ಲಿ ಅರ್ಧ ಹೀಗೆ ಬಿಡಿಸಿಯೇ.

ಅಕ್ಷರ ನೋಡಿ, ಆಮೇಲೆ ಕುದುರೆ

ನಾಣ್ಯ ಕೈಗೆ ಬಂದ ಕೂಡಲೇ ಮುಖ ನೋಡಬೇಡಿ. ಅಕ್ಷರ ನೋಡಿ. ಗ್ರೀಕ್ ಬಾರದಿದ್ದರೂ ತೊಂದರೆ ಇಲ್ಲ. 'ಫಿಲಿಪ್ಪೂ' ಎಂಬುದರಲ್ಲಿ ಎಂಟು ಅಕ್ಷರ. ಮೊದಲನೆಯದು ಒಂದು ವೃತ್ತ, ಅದನ್ನು ಸೀಳುವ ನೆಟ್ಟನೆ ಗೆರೆ. ಮೂರನೆಯದು ಮನೆಯ ಮಾಡಿನ ಹಾಗೆ. ಐದು, ಆರು ಬಾಗಿಲ ಚೌಕಟ್ಟಿನ ಹಾಗೆ, ಒಂದರ ಪಕ್ಕ ಒಂದು. ಏಳನೆಯದು ಸೊನ್ನೆ. ಇಷ್ಟನ್ನು ನೆನಪಿಟ್ಟುಕೊಂಡರೆ ಅಕ್ಷರ ಸರಿಯಿದೆಯೋ ಇಲ್ಲವೋ ಹೇಳಬಹುದು.

ಓದು ಬಾರದವನು ಅಕ್ಷರವನ್ನು ಚಿತ್ರವಾಗಿ ನೋಡುತ್ತಾನೆ. ನಮಗೆ ಗೊತ್ತಿಲ್ಲದ ಲಿಪಿಯನ್ನು ನೋಡಿ ಬರೆಯಲು ಹೇಳಿದರೆ ನಾವೂ ಹಾಗೇ ತಾನೆ ಬರೆಯುವುದು. ಮೊದಲ ಹಂತದ ಅನುಕರಣೆಯಲ್ಲಿ ಒಂದೆರಡು ಅಕ್ಷರ ಬಿಟ್ಟುಹೋಗಿರುತ್ತದೆ ಅಥವಾ ತಲೆಕೆಳಗಾಗಿರುತ್ತದೆ. ಮುಂದೆ ಚೌಕಟ್ಟುಗಳು ಬರೀ ಕಡ್ಡಿಗಳಾಗುತ್ತವೆ. ಸೊನ್ನೆ ಚುಕ್ಕಿಯಾಗುತ್ತದೆ. ಕೊನೆಗೆ ಅಕ್ಷರ ಇದ್ದ ಜಾಗದಲ್ಲಿ ಬೇಲಿಯ ಹಾಗೆ ಸಾಲು ಗೆರೆ, ಇಲ್ಲವೇ ಏನೂ ಇಲ್ಲ. ಥಾಸೋಸ್ ಬಗೆಯಲ್ಲಂತೂ ಮೂರು ಪದವೂ ಚುಕ್ಕಿಗಳ ಮಾಲೆ ಆಗಿಬಿಡುತ್ತವೆ, ಹೆರಾಕ್ಲೀಸ್ ಕೂಡ ಚುಕ್ಕಿ ಪೋಣಿಸಿ ಮಾಡಿದ ಕಡ್ಡಿ ಮನುಷ್ಯನಾಗುತ್ತಾನೆ.

ಕೆಲವು ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತವೆ. ಅಚ್ಚನ್ನು ಉಲ್ಟಾ ಕೊರೆದರೆ ಮಾತ್ರ ನಾಣ್ಯದಲ್ಲಿ ಸರಿಯಾಗಿ ಬೀಳುತ್ತದೆ. ನಾಣ್ಯ ನೋಡಿಕೊಂಡು ಹಾಗೇ ಅಚ್ಚಿಗೆ ಕೊರೆದರೆ ಹೊಸ ನಾಣ್ಯದಲ್ಲಿ ಎಲ್ಲಾ ತಿರುಗಿ ಬೀಳುತ್ತದೆ. ಸವಾರ ಬಲಕ್ಕೆ ಹೋಗುವ ಬದಲು ಎಡಕ್ಕೆ ಹೋಗುವುದೂ ಹೀಗೇ ಆಗಬಹುದು. ಡ್ಯಾನ್ಯೂಬ್ ಕಡೆಯ ಅನುಕರಣೆಗಳಲ್ಲಿ ಎಡಕ್ಕೆ ಹೋಗುವ ಕುದುರೆ ಬಹಳ ಸಾಮಾನ್ಯ. ಹಾಗಂತ ಎಡಕ್ಕೆ ಹೋದ ಕೂಡಲೇ ಕೆಲ್ಟಿಕ್ ಅನ್ನಬೇಡಿ. ಮೇಲೆ ಹೇಳಿದ ಟೋಪಿಯ ರಾಜ ಫಿಲಿಪ್‌ನ ಅಸಲಿ ನಾಣ್ಯದಲ್ಲೇ ಎಡಕ್ಕೆ ಹೋಗುತ್ತಾನೆ.

ಈಗ ಕುದುರೆಗೆ ಬನ್ನಿ. ನನಗೆ ಅತಿ ಇಷ್ಟದ ಭಾಗ ಇದು. ಗ್ರೀಕ್ ಕುದುರೆಗೆ ಮಾಂಸ ಇದೆ, ಎದೆ ಉಬ್ಬಿದೆ, ಕಾಲು ಮಡಚುವ ಕಡೆ ಮೂಳೆ ಕಾಣುತ್ತದೆ. ಕೆಲ್ಟಿಕ್ ಕುದುರೆಯಲ್ಲಿ ಮೊಣಕಾಲು ಒಂದು ಗುಂಡು, ಗೊರಸು ಇನ್ನೊಂದು ಗುಂಡು, ನಡುವೆ ಗೆರೆ. ಕುತ್ತಿಗೆಯ ಕೂದಲು ಚುಕ್ಕಿಗಳ ಸಾಲು. ಸೊಂಟ ತೀರಾ ಸಣ್ಣ. ತಲೆ ಕೆಲವು ಕಡೆ ಕುದುರೆಯ ಜೀನಿನ ಆಕಾರಕ್ಕೆ ತಿರುಗುತ್ತದೆ, ಕೆಲವು ಕಡೆ ಕೊಕ್ಕಾಗುತ್ತದೆ. ಸವಾರನ ಗತಿ ಇನ್ನೂ ಸ್ವಾರಸ್ಯ. ಮೊದಲು ಕಾಲು ಹೋಗುತ್ತದೆ. ಆಮೇಲೆ ಅರ್ಧ ದೇಹ ಕುದುರೆಯ ಬೆನ್ನ ಮೇಲೆ ನೆಟ್ಟ ಗೊಂಬೆಯಾಗುತ್ತದೆ, ಇಲ್ಲವೇ ಕವಲೊಡೆದ ಗಿಡದ ಕಡ್ಡಿಯಾಗುತ್ತದೆ. ಕೆಲವು ಬಗೆಗಳಲ್ಲಿ ಅವನೂ ಮಾಯ, ಬೆನ್ನ ಮೇಲೆ ಒಂದೆರಡು ಚುಕ್ಕಿ ಮಾತ್ರ. ಸಂಗ್ರಹಕಾರರು ಬಗೆಗಳಿಗೆ ಇಟ್ಟ ಜರ್ಮನ್ ಹೆಸರುಗಳೂ ಹೀಗೇ ಇವೆ: 'ಬಾಮ್‌ರೈಟರ್' ಅಂದರೆ ಮರದ ಸವಾರ, 'ಪುಪ್ಪೆನ್‌ರೈಟರ್' ಅಂದರೆ ಗೊಂಬೆ ಸವಾರ, 'ಸಾಟೆಲ್‌ಕಾಪ್ಫ್‌ಫೆರ್ಡ್' ಅಂದರೆ ಜೀನು ತಲೆಯ ಕುದುರೆ, 'ಕೂಗೆಲ್‌ವಾಂಗೆ' ಅಂದರೆ ಗುಂಡು ಕೆನ್ನೆ. ಹರಾಜಿನ ಪಟ್ಟಿಗಳಲ್ಲಿ ಇವೇ ಹೆಸರು ಬರುತ್ತವೆ, ಕಲಿತಿಟ್ಟುಕೊಳ್ಳಿ.

ಮುಖದಲ್ಲಿ ಕಣ್ಣು ಮತ್ತು ಎಲೆ ಕಿರೀಟ ಗಮನಿಸಿ. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ಎದುರಿನಿಂದ ಕಂಡ ಹಾಗೆ ಬಾದಾಮಿ ಆಕಾರದಲ್ಲಿ ಪೂರ್ತಿ ಇರುತ್ತದೆ. ಗಡ್ಡ ಸುರುಳಿಗಳ ಸಾಲು. ಕಿರೀಟದ ಎಲೆಗಳು ಮೀನಿನ ಮುಳ್ಳಿನ ಹಾಗೆ ಜೋಡಣೆಯಾಗಿರುತ್ತವೆ. ಕೆಲವು ನಾಣ್ಯದ ಮುಂಭಾಗದಲ್ಲಿ ಮುಖವೇ ಇಲ್ಲದೆ ಬರೀ ಉಬ್ಬು ಇರುತ್ತದೆ. ಅಂಥದ್ದು ಸಿಕ್ಕರೆ ಸವೆದಿದೆ ಅಂತ ಎಸೆಯಬೇಡಿ. ಅಚ್ಚೇ ಹಾಗಿರಬಹುದು.

ತಕ್ಕಡಿ ಹೇಳುವುದು

ಎರಡು ದಶಮಾಂಶ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕೇ ಬೇಕು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಕೂಡ. ಇವೆರಡಕ್ಕಿಂತ ಹೆಚ್ಚಿನ ಸಲಕರಣೆ ಸುಮ್ನೆ ಖರ್ಚು.

ಫಿಲಿಪ್ ಬಗೆಯ ಮೊದಮೊದಲ ಅನುಕರಣೆಗಳು ಒಳ್ಳೆಯ ಬೆಳ್ಳಿ, ತೂಕವೂ 13-14 ಗ್ರಾಂ ಆಸುಪಾಸು. ಕಾಲ ಕಳೆದ ಹಾಗೆ ತೂಕ ಇಳಿಯುತ್ತದೆ, ತಾಮ್ರ ಬೆರೆಯುತ್ತದೆ, 8-10 ಗ್ರಾಂಗೂ ಬರುತ್ತದೆ. ಚಿತ್ರ ಮೂಲದಿಂದ ಎಷ್ಟು ದೂರ ಹೋಗಿದೆಯೋ ತೂಕವೂ ಸಾಮಾನ್ಯವಾಗಿ ಅಷ್ಟು ಇಳಿದಿರುತ್ತದೆ. ತೀರಾ ಗೆರೆಗೆರೆಯಾದ ಕುದುರೆ, ಆದರೆ ತೂಕ 14.4 ಸರಿಯಾಗಿ ಇದ್ದರೆ ನಾನು ಎರಡು ಸಲ ಯೋಚಿಸುತ್ತೇನೆ. ಥಾಸೋಸ್ ಬಗೆ ಮಾತ್ರ ಇದಕ್ಕೆ ಹೊರತು. ಚಿತ್ರ ಚುಕ್ಕಿಯಾದರೂ ತೂಕ 16 ಗ್ರಾಂ ಆಸುಪಾಸಿನಲ್ಲೇ ನಿಂತಿರುವುದು ಎಷ್ಟೋ ಇವೆ.

ಬೆಳ್ಳಿ ಎಷ್ಟಿದೆ ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ತಕ್ಕಡಿಯ ಮೇಲೆ ಲೋಟದಲ್ಲಿ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಲ್ಲಿ ಇಳಿಬಿಡಿ. ಆಗ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಉದಾಹರಣೆಗೆ ಒಣ ತೂಕ 13.20, ನೀರಲ್ಲಿ 1.28 ಅಂದರೆ ಉತ್ತರ ಸುಮಾರು 10.3. ಶುದ್ಧ ಬೆಳ್ಳಿಗೆ 10.49, ತಾಮ್ರಕ್ಕೆ 8.96, ಎರಡೂ ಸಮ ತೂಕದಲ್ಲಿ ಬೆರೆತರೆ 9.7ರ ಹತ್ತಿರ. ನಾಣ್ಯಕ್ಕೆ ಅಂಟಿದ ಗಾಳಿ ಗುಳ್ಳೆಯನ್ನು ಅಲ್ಲಾಡಿಸಿ ಬಿಡಿಸಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಹಳೆಯ ಬೆಳ್ಳಿ ಒಳಗೆ ಟೊಳ್ಳಾಗಿದ್ದರೂ ಅಂಕಿ ಕಡಿಮೆ ಬರುತ್ತದೆ.

ಆಕಾರವನ್ನೂ ನೋಡಿ. ಪೂರ್ವ ದಿಕ್ಕಿನ, ಅಂದರೆ ಡ್ಯಾನ್ಯೂಬ್ ಕಡೆಯ, ಬಹಳಷ್ಟು ಕೆಲ್ಟಿಕ್ ನಾಣ್ಯಗಳು ಬಟ್ಟಲಿನ ಹಾಗೆ ಬಾಗಿವೆ: ಮುಖ ಇರುವ ಬದಿ ಉಬ್ಬು, ಕುದುರೆ ಇರುವ ಬದಿ ತಗ್ಗು. ಅಂಚಿನಲ್ಲಿ ಉಳಿಯಿಂದ ಹೊಡೆದ ಸೀಳು ಇರುವುದೂ ಸಾಮಾನ್ಯ. ಒಳಗೆ ತಾಮ್ರ ಇದೆಯೋ ಅಂತ ಆ ಕಾಲದವರೇ ಪರೀಕ್ಷಿಸಿದ ಗುರುತು ಅದು. ಆ ಸೀಳಿನೊಳಗೂ ಹೊರಗಿನಷ್ಟೇ ಹಳೆಯ ಬಣ್ಣ ಇರಬೇಕು.

ಕೆಲ್ಟಿಕ್ ಅನಿಸುವುದೆಲ್ಲಾ ಕೆಲ್ಟಿಕ್ ಅಲ್ಲ

ಹೊಸಬರು ಜಾಸ್ತಿ ಎಡವುವುದು ಅಲೆಕ್ಸಾಂಡರ್ ಬಗೆಯಲ್ಲಿ. ಅವನು ಸತ್ತದ್ದು ಕ್ರಿ.ಪೂ. 323ರಲ್ಲಿ. ಆದರೆ ಅವನ ಹೆಸರಿನ ನಾಣ್ಯವನ್ನು ಗ್ರೀಕ್ ನಗರಗಳು ಆಮೇಲೂ ಬಹಳ ಕಾಲ ಹೊಡೆದವು. ಕಪ್ಪು ಸಮುದ್ರದ ದಡದ ಒಡೆಸ್ಸೋಸ್ ಮತ್ತು ಮೆಸೆಂಬ್ರಿಯ, ಅಂದರೆ ಇಂದಿನ ವಾರ್ನಾ ಮತ್ತು ನೆಸೆಬರ್, ಕ್ರಿ.ಪೂ. ಮೊದಲ ಶತಮಾನದವರೆಗೂ ಹೊಡೆದವು. ಅಗಲವಾದ ತಗಡು, ಮುಖ ಊದಿಕೊಂಡ ಹಾಗೆ, ಜ್ಯೂಸ್ ಸೊರಗಿ ಕಡ್ಡಿಯಾಗಿರುತ್ತಾನೆ. ನೋಡಿದರೆ ಅನುಕರಣೆ ಅನಿಸುತ್ತದೆ. ಆದರೆ ಅಕ್ಷರ ಓದಿ: ಸರಿಯಾದ ಗ್ರೀಕ್, ನಗರದ ಗುರುತೂ ಇದೆ. ಮೆಸೆಂಬ್ರಿಯದ್ದಾದರೆ ಶಿರಸ್ತ್ರಾಣದ ಚಿಕ್ಕ ಚಿತ್ರ. ಇವು ಅಸಲಿ ಗ್ರೀಕ್ ನಾಣ್ಯಗಳು.

ಇನ್ನೊಂದು ಕಡೆ ಅರೇಬಿಯಾ. ಕೊಲ್ಲಿಯ ದಡದಲ್ಲೂ ಅಲೆಕ್ಸಾಂಡರ್ ನಾಣ್ಯವನ್ನು ಅನುಕರಿಸಿದರು. ಶಾರ್ಜಾದ ಮ್ಲೇಹಾದಲ್ಲಿ ಅಂಥವು ಸಿಕ್ಕಿವೆ. ಅಲ್ಲೂ ಹೆರಾಕ್ಲೀಸ್, ಅಲ್ಲೂ ಕೂತ ಆಕೃತಿ, ಆದರೆ ಗ್ರೀಕ್ ಬದಲು ಆ ಕಡೆಯ ಲಿಪಿ ಬರುತ್ತದೆ. ಶಾರ್ಜಾ, ದುಬೈನಲ್ಲಿರುವ ಕನ್ನಡದವರು ಒಂದು ರಜಾದಿನ ಮ್ಲೇಹಾಕ್ಕೆ ಹೋಗಿ ಬನ್ನಿ, ಒಂದು ಗಂಟೆಯ ದಾರಿಯೂ ಅಲ್ಲ.

ಡ್ಯಾನ್ಯೂಬ್ ಕಡೆಯಲ್ಲೇ 'ಕೆಲ್ಟಿಕ್' ಅನ್ನುವ ಹೆಸರು ಸಡಿಲವಾಗಿ ಓಡಾಡುತ್ತದೆ. ರೊಮೇನಿಯಾದಲ್ಲಿ ಸಿಗುವ ಹೂಶಿ-ವೊವ್ರಿಯೆಷ್ತಿ ಮುಂತಾದ ಬಗೆಗಳನ್ನು ಹೊಡೆದವರು ಕೆಲ್ಟರಲ್ಲ, ಅಲ್ಲಿಯ ಗೆಟೊ-ಡೇಸಿಯನ್ ಜನ. ಬಲ್ಗೇರಿಯಾ ಕಡೆಯ ಥಾಸೋಸ್ ಅನುಕರಣೆಗಳಲ್ಲಿ ಅಲ್ಲಿಯ ಇನ್ನೊಂದು ಜನರಾದ ಥ್ರೇಸಿಯನ್ನರ ಕೈ ಇದೆ. ಹಾಗಾಗಿ ನಾನು ನಾಣ್ಯದ ಜೊತೆ ಇಡುವ ಚೀಟಿಯಲ್ಲಿ 'ಡ್ಯಾನ್ಯೂಬ್ ಪ್ರದೇಶ, ಫಿಲಿಪ್ ಬಗೆ' ಅಂತ ಬರೆಯುತ್ತೇನೆ. ಬುಡಕಟ್ಟಿನ ಹೆಸರು ಬರೆಯುವುದು ಗಟ್ಟಿ ಆಧಾರ ಇದ್ದಾಗ ಮಾತ್ರ. ಆಸ್ಟ್ರಿಯಾ ಕಡೆಯ ನೊರಿಕಮ್ ನಾಣ್ಯಗಳಲ್ಲಿ ಕೆಲಸ ಸುಲಭ. ಅಲ್ಲಿ ಈಟಿ ಹಿಡಿದ ಸವಾರ, ಜೊತೆಗೆ ಲ್ಯಾಟಿನ್ ಅಕ್ಷರದಲ್ಲಿ 'ಆಡ್ನಮಾಟಿ', 'ನೆಮೆಟ್' ಎಂಬಂಥ ಹೆಸರು ಬರುತ್ತದೆ.

ಪಶ್ಚಿಮದಲ್ಲಿ, ಅಂದರೆ ಇಂದಿನ ಫ್ರಾನ್ಸ್, ಬ್ರಿಟನ್ ಕಡೆ, ಮಾದರಿಯಾದದ್ದು ಫಿಲಿಪ್‌ನ ಸ್ಟೇಟರ್ ಎಂಬ 8.6 ಗ್ರಾಂ ಚಿನ್ನದ ನಾಣ್ಯ. ಮುಂದೆ ಅಪೊಲೊ, ಹಿಂದೆ ಎರಡು ಕುದುರೆಯ ರಥ. ಅಲ್ಲಿ ರಥ ಒಡೆದು ಒಂಟಿ ಚಕ್ರವಾಗುತ್ತದೆ, ಎರಡು ಕುದುರೆ ಒಂದಾಗುತ್ತದೆ, ಫ್ರಾನ್ಸ್‌ನ ಬ್ರಿಟನಿ ಕಡೆ ಆ ಕುದುರೆಗೆ ಮನುಷ್ಯನ ತಲೆ ಬರುತ್ತದೆ. ಬ್ರಿಟನ್‌ನಲ್ಲಿ ಅಪೊಲೊನ ಮುಖ ಪೂರ್ತಿ ಮಾಯವಾಗಿ ಎಲೆ ಕಿರೀಟ ಮಾತ್ರ ಉಳಿಯುತ್ತದೆ. ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದಲ್ಲಿ 2012ರಲ್ಲಿ ಸುಮಾರು 70,000 ನಾಣ್ಯಗಳ ಒಂದೇ ರಾಶಿ ಸಿಕ್ಕಿತು, ಬಹುಪಾಲು ಈ ವಂಶದವೇ, ಆದರೆ ಚಿನ್ನ ಹೋಗಿ ಬೆಳ್ಳಿ-ತಾಮ್ರಕ್ಕೆ ಇಳಿದಿದ್ದವು. ಮ್ಯೂನಿಕ್ ಇರುವ ನಮ್ಮ ಬವೇರಿಯಾದಲ್ಲಿ ಚಿನ್ನದ ಬಟ್ಟಲು ನಾಣ್ಯಗಳಿವೆ. ಕಾಮನಬಿಲ್ಲು ನೆಲ ಮುಟ್ಟಿದ ಕಡೆ ಇವು ಸಿಗುತ್ತವೆ ಅಂತ ಇಲ್ಲಿಯ ರೈತರು ನಂಬಿದ್ದರು, ಹೆಸರೇ ಕಾಮನಬಿಲ್ಲಿನ ಬಟ್ಟಲು. ಇಲ್ಲಿಯ ಮಾಂಚಿಂಗ್ ಊರಿನ ಮ್ಯೂಸಿಯಂನಲ್ಲಿ 1999ರಲ್ಲಿ ಸಿಕ್ಕ 483 ಚಿನ್ನದ ನಾಣ್ಯಗಳಿದ್ದವು. 2022ರ ನವೆಂಬರ್‌ನಲ್ಲಿ ಕಳ್ಳರು ಒಯ್ದರು. ಮರು ವರ್ಷ ಆರೋಪಿಗಳು ಸಿಕ್ಕಾಗ ಜೊತೆಗೆ ಸಿಕ್ಕಿದ್ದು ಕರಗಿಸಿದ ಚಿನ್ನದ ಉಂಡೆಗಳು. ಓದಿದ ದಿನ ನನಗೆ ಊಟ ಸೇರಲಿಲ್ಲ.

ಖೋಟಾ

ಕೆಲ್ಟಿಕ್ ನಾಣ್ಯದಲ್ಲಿ ಖೋಟಾ ಮಾಡುವುದು ಸುಲಭ, ಯಾಕೆಂದರೆ ಚಿತ್ರ ಒರಟಾಗಿದ್ದರೂ ಯಾರೂ ಅನುಮಾನಿಸುವುದಿಲ್ಲ. ಮೂರನೇ ವರ್ಷ ನಾನೇ ಒಂದು ತಂದಿದ್ದೆ. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು ಲೂಪ್‌ನಲ್ಲಿ ನೋಡಿದರೆ ಅಂಚಿನ ಸುತ್ತ ತೆಳು ಗೆರೆ, ಎರಡು ಅಚ್ಚಿನ ನಡುವೆ ಎರಕ ಹೊಯ್ದ ಗುರುತು, ಮೇಲ್ಮೈಯಲ್ಲಿ ಸೂಜಿ ಮೊನೆಯಷ್ಟು ಗುಂಡನೆಯ ಗುಳಿಗಳು. ಹೊಡೆದ ನಾಣ್ಯದಲ್ಲಿ ಲೋಹ ಹೊರಮುಖವಾಗಿ ಹರಿದ ಸಣ್ಣ ಗೆರೆಗಳು ಕಾಣುತ್ತವೆ, ಅಂಚಿನಲ್ಲಿ ಬಿರುಕು ಬಿಟ್ಟಿರುತ್ತದೆ. ಎರಕದ್ದು ಸಾಬೂನಿನ ಹಾಗೆ ನಯ.

ಅಚ್ಚಿನಿಂದಲೇ ಹೊಡೆದ ಖೋಟಾ ಇನ್ನೂ ಕಷ್ಟ. ಅದಕ್ಕೆ ಹಳೆಯ ಹರಾಜುಗಳ ಫೋಟೋ ಹುಡುಕಿ. ಎರಡು ನಾಣ್ಯ ಒಂದೇ ಅಚ್ಚಿನವಾಗಿರುವುದು ಸಹಜ. ಆದರೆ ಅದೇ ಗೀರು, ಅದೇ ಸೀಳು, ಅದೇ ಓರೆ ಎರಡರಲ್ಲೂ ಇದ್ದರೆ ಒಂದಾದರೂ ಸುಳ್ಳು. ಇನ್ನೊಂದು, ಕೊಳ್ಳುವ ಮುಂಚೆ ಹಳೆಯ ಬಿಲ್ಲು ಅಥವಾ ಹರಾಜಿನ ದಾಖಲೆ ಕೇಳಿ. ಡ್ಯಾನ್ಯೂಬ್ ಬಯಲಲ್ಲಿ ಕದ್ದು ಅಗೆಯುವುದು ಈಗಲೂ ನಡೆದಿದೆ. ಎಲ್ಲಿ ಸಿಕ್ಕಿತು ಅನ್ನುವ ಮಾಹಿತಿ ಕಳೆದುಹೋದರೆ ಆ ನಾಣ್ಯ ಯಾರದ್ದು ಅಂತ ಹೇಳುವ ದಾರಿಯೇ ಮುಚ್ಚುತ್ತದೆ, ಅದು ದೊಡ್ಡ ನಷ್ಟ.

ಒಂದು ನಾಣ್ಯ, ಮೊದಲಿಂದ ಕೊನೆವರೆಗೆ

ಈಗ ನನ್ನ ಮೇಜಿನ ಮೇಲಿರುವುದನ್ನೇ ನೋಡೋಣ. ತೂಕ 12.46 ಗ್ರಾಂ. ಅಗಲ 24 ಮಿಲಿಮೀಟರ್. ಸ್ವಲ್ಪ ಬಟ್ಟಲಾಗಿದೆ. ನೀರಿನ ಲೆಕ್ಕ 10.2, ಅಂದರೆ ಬೆಳ್ಳಿ ಚೆನ್ನಾಗಿದೆ. ಗಡ್ಡದ ತಲೆ ಬಲಕ್ಕೆ, ಹಿಂದೆ ಕುದುರೆ. ಹಾಗಾದರೆ ಫಿಲಿಪ್ ಬಗೆ, ಅಲೆಕ್ಸಾಂಡರ್ ಅಲ್ಲ, ಥಾಸೋಸ್ ಅಲ್ಲ. ಅಕ್ಷರದ ಜಾಗದಲ್ಲಿ ನಾಲ್ಕು ಕಡ್ಡಿ, ಒಂದು ಚುಕ್ಕಿ. ಬಾಗಿಲ ಚೌಕಟ್ಟುಗಳೆರಡು ಮುರಿದು ನಾಲ್ಕು ಕಡ್ಡಿಯಾಗಿವೆ, ಪಕ್ಕದ ಚುಕ್ಕಿ ಹಿಂದೆ ಸೊನ್ನೆಯಾಗಿತ್ತು. ಕೊರೆದವನಿಗೆ ಗ್ರೀಕ್ ಬರುತ್ತಿರಲಿಲ್ಲ. ಅವನ ಮುಂದೆ ಇದ್ದದ್ದೂ ಮೂಲ ನಾಣ್ಯ ಅಲ್ಲ, ಒಂದು ನಕಲೇ ಇರಬೇಕು. ಸವಾರನಿಗೆ ಕಾಲಿಲ್ಲ, ಆದರೆ ತಲೆ, ಕೈ ಇದೆ. ತೀರಾ ಕೊನೆಯ ಹಂತ ಅಲ್ಲ, ತೂಕವೂ ಅದನ್ನೇ ಹೇಳುತ್ತದೆ. ಅಂಚಿನ ಸೀಳಿನೊಳಗೆ ಹಳೆಯ ಕಪ್ಪು ಬಣ್ಣ ಇದೆ, ಎರಕದ ಗೆರೆ ಇಲ್ಲ.

ಇಷ್ಟಾದ ಮೇಲೆ ಆಸ್ಟ್ರಿಯಾದ ರಾಬರ್ಟ್ ಗೋಬ್ಲ್ 1973ರಲ್ಲಿ ಮಾಡಿದ ಪೂರ್ವ ಕೆಲ್ಟಿಕ್ ಬಗೆಗಳ ಪಟ್ಟಿ ತೆರೆದೆ. ಹರಾಜಿನಲ್ಲಿ ಬರುವ 'ಓಟಿಎ' ಅಂಕಿ ಅದರದೇ. ಪುಟ ತಿರುಗಿಸುವಾಗ ನಾನು ಮುಖ ಹೋಲಿಸಲಿಲ್ಲ. ಕುದುರೆಯ ಎತ್ತಿದ ಮುಂಗಾಲು, ಅದರ ಕೆಳಗಿನ ಗುರುತು, ಬೆನ್ನ ಮೇಲಿನ ಸವಾರ ಹೇಗೆ ಕೂತಿದ್ದಾನೆ, ಈ ಮೂರನ್ನೇ ಹೋಲಿಸಿದೆ. ಎರಡು ಸಂಜೆ ಹಿಡಿಯಿತು. ಗೊಂಬೆ ಸವಾರರ ಗುಂಪಿನಲ್ಲಿ ಸಿಕ್ಕಿದ. ಚೀಟಿಯಲ್ಲಿ ತೂಕ, ಅಗಲ, ಬಗೆ, ಕೊಂಡ ದಿನ ಬರೆದು, ಎರಡೂ ಬದಿಯ ಫೋಟೋ ತೆಗೆದಿಟ್ಟೆ.